ಕೋವಿಡ್-19: ಆರೋಗ್ಯ ಕಾರ್ಯಕರ್ತರ ಅರಿವು ಮತ್ತು ಆತಂಕ

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳಲ್ಲಿ, ರಾಜ್ಯದ ಉಳಿದೆಡೆಯಂತೆ, 2020ರಲ್ಲಿ ಕೋವಿಡ್-19ರ ತಿಳಿವಳಿಕೆಯನ್ನು ಮನೆಮನೆಗೆ ಒಯ್ದವರಲ್ಲಿ ಆಶಾ ಕಾರ್ಯಕರ್ತೆಯರು ಮುಖ್ಯರು. ತಾವೇ ಆಗತಾನೆ ಕಲಿಯುತ್ತಿದ್ದ ರೋಗವನ್ನು ಅವರು ಊರಿಗೆ ವಿವರಿಸಬೇಕಾಯಿತು. ಆರಂಭದ ಸೂಚನೆಗಳು ಕೈತೊಳೆಯುವುದಕ್ಕೆ, ಅಂತರಕ್ಕೆ ಒತ್ತು ಕೊಟ್ಟವು. ಗಾಳಿಯಾಡದ ಕೋಣೆಯಲ್ಲಿ ಸೂಕ್ಷ್ಮ ಕಣಗಳಿಂದಲೂ ಸೋಂಕು ಹರಡುತ್ತದೆಂಬುದು ಆಮೇಲೆ ಖಚಿತವಾಯಿತು. ಆರೋಗ್ಯ ಕಾರ್ಯಕರ್ತರ ಭಯಕ್ಕೆ ಅರಿವಿನ ಕೊರತೆಯೊಂದೇ ಕಾರಣವಾಗಿರಲಿಲ್ಲ; ಅಪಾಯವೂ ನಿಜವಾಗಿತ್ತು. ಮಾರ್ಚ್ 2020ರಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯ ವೃದ್ಧರೊಬ್ಬರದು. ಅವರಿಗೆ ಚಿಕಿತ್ಸೆ ನೀಡಿದ ವೈದ್ಯರಿಗೂ ಸೋಂಕು ತಗುಲಿತು. ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ, ಸುರಕ್ಷಾ ಸಾಮಗ್ರಿ ಕೇಳಿ ಮುಷ್ಕರ ಹೂಡಿದರು. ಅದು ನ್ಯಾಯವಾದ ಬೇಡಿಕೆ. 2021ರ ಜನವರಿ 16ರಂದು ಲಸಿಕೆ ಅಭಿಯಾನ ಶುರುವಾದಾಗ ಮೊದಲ ಸರದಿ ಆರೋಗ್ಯ ಸಿಬ್ಬಂದಿಯದಾಗಿತ್ತು.