ಕಿಬ್ಲಾದ ಕೋಷ್ಟಕ: ಎರಡು ಸಂಖ್ಯೆಗೆ ಒಂದು ದಿಕ್ಕು

ಹಿಜರಿ ಎಂಟನೆಯ ಶತಮಾನದಲ್ಲಿ, ಅಂದರೆ ಕ್ರಿ.ಶ. 14ನೆಯ ಶತಮಾನದಲ್ಲಿ, ದಮಸ್ಕಸ್‌ನ ಉಮವೀ ಮಸೀದಿಯಲ್ಲಿ ಶಂಸುದ್ದೀನ್ ಅಲ್ ಖಲೀಲಿ ಎಂಬ ಮುವಕ್ಕಿತ್ ಇದ್ದರು. ನಮಾಝಿನ ವೇಳೆಯನ್ನು ಗಣಿಸಿ ತಿಳಿಸುವವರಿಗೆ ಆ ಹೆಸರು. ಅವರು ರಚಿಸಿದ ಕಿಬ್ಲಾ ಕೋಷ್ಟಕದಲ್ಲಿ 2,800ಕ್ಕೂ ಹೆಚ್ಚು ಬೆಲೆಗಳಿವೆ. ಊರಿನ ಅಕ್ಷಾಂಶ ಒಂದು ಬದಿಯಲ್ಲಿ, 10ರಿಂದ 56 ಡಿಗ್ರಿಯವರೆಗೆ. ಮಕ್ಕಾದಿಂದ ಆ ಊರಿಗಿರುವ ರೇಖಾಂಶದ ಅಂತರ ಇನ್ನೊಂದು ಬದಿಯಲ್ಲಿ, 1ರಿಂದ 60ರವರೆಗೆ. ಎರಡೂ ಸಾಲುಗಳು ಕೂಡುವಲ್ಲಿ ಕಿಬ್ಲಾದ ಕೋನ. ಅಂತರ ಸೊನ್ನೆಯಾದರೆ ಕಿಬ್ಲಾ ನೇರ ಉತ್ತರ ಅಥವಾ ನೇರ ದಕ್ಷಿಣ. ಅದಕ್ಕೆ ಕೋಷ್ಟಕವೇ ಬೇಡ.

ಇಂದಿನ ಗಣಿತ ಪುಸ್ತಕಗಳು ಫಲನ ಎನ್ನುವುದು ಇದನ್ನೇ. ಕೊಟ್ಟ ಬೆಲೆಗೆ ದೊರೆಯುವ ಬೆಲೆ ಒಂದೇ ಆಗಿರಬೇಕು. ಎರಡು ಊರುಗಳಿಗೆ ಒಂದೇ ಕೋನ ಬಂದರೆ ದೋಷವಿಲ್ಲ. ಒಂದೇ ಊರಿಗೆ ಎರಡು ಕೋನ ಬಂದರೆ ಮಾತ್ರ ಅದು ಫಲನವಲ್ಲ. ಕಿಬ್ಲಾದತ್ತ ಮುಖಮಾಡಿರೆಂಬ ಅಲ್ ಬಕರ ಅಧ್ಯಾಯದ ಆಜ್ಞೆಯನ್ನು ಪಾಲಿಸಲು ಹೊರಟವರಿಗೆ ಈ ಷರತ್ತು ಬರಿಯ ಶಾಸ್ತ್ರಚರ್ಚೆಯಾಗಿರಲಿಲ್ಲ.

ಬೆಂಗಳೂರಿನ ಅಕ್ಷಾಂಶ ಸುಮಾರು 13, ಮಕ್ಕಾದಿಂದ ರೇಖಾಂಶದ ಅಂತರ ಸುಮಾರು 38. ಎರಡೂ ಖಲೀಲಿಯವರ ಕೋಷ್ಟಕದ ಮೇರೆಯೊಳಗೇ ಇವೆ. ಲೆಕ್ಕ ಹಾಕಿದರೆ ಕಿಬ್ಲಾ ನೇರ ಪಡುವಣವಲ್ಲ, ಪಡುವಣದಿಂದ ಉತ್ತರಕ್ಕೆ ಸುಮಾರು 18.5 ಡಿಗ್ರಿ. ಮೊಬೈಲಿನ ದಿಕ್ಸೂಚಿ ನೋಡಿ, ಹಳೆಯ ಮಸೀದಿ ಕಟ್ಟಿದ ಹಿರಿಯರ ನಮಾಝನ್ನೇ ಶಂಕಿಸುವವರು ಈಗ ಅಲ್ಲಲ್ಲಿ ಕಾಣುತ್ತಾರೆ. ಇದು ಆತುರದ ತೀರ್ಪು. ದೂರದವರಿಗೆ ದಿಕ್ಕಿನತ್ತ ಮುಖವಿದ್ದರೆ ಸಾಕೆಂದು ಹನಫೀ ವಿದ್ವಾಂಸರು ಹೇಳಿದ್ದಾರೆ. ನಮ್ಮ ಕರಾವಳಿಯಲ್ಲಿ ಹೆಚ್ಚಾಗಿರುವ ಶಾಫಿಈ ಮದ್ಹಬ್‌ನ ಪ್ರಬಲ ಅಭಿಪ್ರಾಯ ಕಅಬಾದ ಕಡೆಗೇ ಗುರಿಯಿಡಬೇಕೆನ್ನುತ್ತದೆ. ಆ ಚರ್ಚೆ ಫಿಕ್‌ಹ್‌ನದು, ದಿಕ್ಸೂಚಿಯದಲ್ಲ.

ಗಣಿತದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಬೇರೆ: ಸೂತ್ರ ತಪ್ಪಿತೋ, ಸೂತ್ರಕ್ಕೆ ಕೊಟ್ಟ ಸಂಖ್ಯೆ ತಪ್ಪಿತೋ? ಅಕ್ಷಾಂಶವನ್ನು ಸೂರ್ಯನ ಎತ್ತರದಿಂದ ಅಳೆಯಬಹುದಿತ್ತು. ರೇಖಾಂಶ ಹಾಗಲ್ಲ. ಅದಕ್ಕೆ ಎರಡು ಊರುಗಳಲ್ಲಿ ಒಂದೇ ಚಂದ್ರಗ್ರಹಣವನ್ನು ನೋಡಿ ಸಮಯ ಹೋಲಿಸಬೇಕು. 997ರಲ್ಲಿ ಅಲ್ ಬಿರೂನಿ ಖ್ವಾರಿಝ್ಮ್‌ನ ಕಾಥ್‌ನಲ್ಲಿ, ಅಬುಲ್ ವಫಾ ಬಗ್ದಾದ್‌ನಲ್ಲಿ ನಿಂತು ಹೀಗೆಯೇ ಮಾಡಿದರು. 1025ರಲ್ಲಿ ಮುಗಿಸಿದ ತಹ್ದೀದ್ ಎಂಬ ಗ್ರಂಥದಲ್ಲಿ ಬಿರೂನಿ ಗಝ್ನಿಯ ಕಿಬ್ಲಾವನ್ನು ನಿರ್ಣಯಿಸುವ ಮೊದಲು ಊರೂರುಗಳ ಸ್ಥಾನ ನಿರ್ಣಯಕ್ಕೇ ಪುಟಗಟ್ಟಲೆ ಶ್ರಮಿಸಿದರು. ಕೊಡುವ ಬೆಲೆಯ ಮೇಲಿನ ಆ ನಿಷ್ಠುರತೆ ನನಗೆ ಅವರ ತ್ರಿಕೋನಮಿತಿಗಿಂತಲೂ ದೊಡ್ಡದಾಗಿ ತೋರುತ್ತದೆ.

ಸಂಖ್ಯೆಯ ತಪ್ಪು ಎಲ್ಲೆಡೆ ಒಂದೇ ಫಲ ಕೊಡುವುದಿಲ್ಲ ಎಂಬುದೂ ಸ್ವಾರಸ್ಯಕರ. ಬೆಂಗಳೂರಿನ ರೇಖಾಂಶವನ್ನು 3 ಡಿಗ್ರಿ ತಪ್ಪಾಗಿ ಹಿಡಿದರೂ ಕಿಬ್ಲಾ ಒಂದು ಡಿಗ್ರಿಯಷ್ಟೂ ಸರಿಯದು. ಮದೀನಾದ ಅಕ್ಷಾಂಶದಲ್ಲಿ, ಮಕ್ಕಾಕ್ಕೆ ನೇರ ಉತ್ತರದಲ್ಲಿ, ಅದೇ 3 ಡಿಗ್ರಿಯ ತಪ್ಪು ದಿಕ್ಕನ್ನು ಸುಮಾರು 43 ಡಿಗ್ರಿ ತಿರುಗಿಸಿಬಿಡುತ್ತದೆ. ಪ್ರವಾದಿ(ಸ)ಯವರೇ ನಿಂತು ತೋರಿದ ಮದೀನಾದ ಕಿಬ್ಲಾಕ್ಕೆ ಲೆಕ್ಕ ಬೇಡವೆಂಬುದು ಬೇರೆ ಮಾತು.

ಮಕ್ಕಾಕ್ಕೆ ಸಮೀಪಿಸಿದಷ್ಟೂ ಈ ಸೂಕ್ಷ್ಮತೆ ಹೆಚ್ಚುತ್ತದೆ. ಕೊನೆಗೆ ಕಅಬಾದ ಒಳಗೆ ಕಾಲಿಟ್ಟವನಿಗೆ ಯಾವ ಗೋಡೆಯತ್ತ ತಿರುಗಿದರೂ ಕಿಬ್ಲಾ. ಭೂಮಿಯ ಮರುಬದಿಯಲ್ಲಿ, ಪೆಸಿಫಿಕ್ ಸಾಗರದ ನಡುವೆಯೂ ಅಂತಹ ಒಂದು ಬಿಂದುವಿದೆ. ಅಲ್ಲಿಂದ ಯಾವ ದಿಕ್ಕಿಗೆ ನೇರ ಹೊರಟರೂ ಮಕ್ಕಾ ಅಷ್ಟೇ ದೂರ. ಈ ಎರಡು ಕಡೆ ಮಾತ್ರ ಕೋಷ್ಟಕ ಒಂದೇ ಉತ್ತರವನ್ನು ಕೊಡಲಾರದು.