ತ್ರೀ ನಾಟ್ ತ್ರೀ ಇಲ್ಲ, ತ್ರೀ ಫಿಫ್ಟೀನ್ ತಗೊಳ್ಳಿ

ನಮ್ಮ ಪುಣೆಯ ಬ್ರಾಂಚಿನಲ್ಲಿ ಹಿಂದೆ ಒಬ್ಬ ಗನ್‌ಮ್ಯಾನ್ ಇದ್ದರು. ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದು ಬಂದವರು. ಬೆಳಗಾವಿಯ ಸಹವಾಸದಿಂದ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಹೆಗಲಿಗೆ ಬ್ಯಾಂಕಿನ ಜೋಡಿ ನಳಿಗೆಯ ಹನ್ನೆರಡು ಬೋರ್ ಬಂದೂಕು, ಸೊಂಟದ ಬೆಲ್ಟಿನಲ್ಲಿ ಹತ್ತು ತೋಟಾ. ಒಂದು ಸಂಜೆ ಕ್ಯಾಶ್ ಮುಚ್ಚಿದ ಮೇಲೆ ಮೆಲ್ಲಗೆ ಹೇಳಿದರು, "ಸಾಹೇಬ್ರ, ಇವು ಹಾರತಾವೋ ಇಲ್ಲೋ ಆ ದೇವರಿಗೇ ಗೊತ್ತು. ನಾ ಬರೋಕ್ಕಿಂತ ಮೊದಲಿಂದ ಇಲ್ಲೇ ಅದಾವ."

ಹೊಸ ತೋಟಾ ಬೇಕೆಂದು ಮೇಲಿನ ಆಫೀಸಿಗೆ ಬರೆದೆ. ಹಳೆಯವು ಖರ್ಚಾಗಿಲ್ಲ, ಹೊಸದು ಏಕೆ ಎಂದು ಉತ್ತರ ಬಂತು. ಬಿ.ಕಾಂ. ಓದಿದ ನನಗೆ ಈ ಭಾಷೆ ಅರ್ಥವಾಗದೇ ಇರುತ್ತದೆಯೇ! ಕುರ್ಚಿ, ಮೇಜಿಗೆ ವರ್ಷವರ್ಷ ಸವಕಳಿ ಹಾಕುವ ನಾವು ತೋಟಾಗೆ ಹಾಕುವುದಿಲ್ಲ.

ಬಂದೂಕಿನ ಬದಲು ಒಂದು ಒಳ್ಳೆಯ ರೈಫಲ್ ಕೊಡಬಾರದೇ ಎಂದು ಆ ಗನ್‌ಮ್ಯಾನರನ್ನು ಕೇಳಿದ್ದೆ. "ತ್ರೀ ನಾಟ್ ತ್ರೀ ಸರಕಾರದ್ದು. ಮಂದಿಗೆ ಸಿಗೋದು ತ್ರೀ ಫಿಫ್ಟೀನ್ ಒಂದೇ" ಅಂದರು. ಹನ್ನೆರಡು ಪಾಯಿಂಟಿನ ಈ ವ್ಯತ್ಯಾಸ ಯಾಕೆ ಎಂದು ಹುಡುಕುತ್ತ ಹೋದರೆ ಅದು ನೇರ 1857ಕ್ಕೆ ಹೋಗಿ ನಿಂತಿತು.

ಎನ್‌ಫೀಲ್ಡ್ ಬಂದೂಕಿನ ಕಾಡತೂಸನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು, ಅದಕ್ಕೆ ಹಸು ಹಂದಿಗಳ ಕೊಬ್ಬು ಸವರಿದ್ದಾರೆ ಎಂಬ ಸುದ್ದಿಯಿಂದ ಸಿಪಾಯಿಗಳು ಸಿಡಿದೆದ್ದ ಕಥೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದೇ ವರ್ಷ ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯ್ದೆ ಬಂತು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಕೊಡುವುದಿಲ್ಲ ಎಂದು ನವೆಂಬರಿನಲ್ಲಿ ತಿರುಗಿಬಿದ್ದರು. ಊರನ್ನೇ ಸುಟ್ಟರು, ಹಲವರನ್ನು ಗಲ್ಲಿಗೇರಿಸಿದರು. ನಮ್ಮ ಕಡೆ ಲಾವಣಿಯಾಗಿ ಉಳಿದದ್ದು ಇದೇ. ಆಮೇಲೆ 1878ರಲ್ಲಿ ಲಾರ್ಡ್ ಲಿಟನ್ ಕಾಲದ ಆರ್ಮ್ಸ್ ಆಕ್ಟ್ ಬಂದು, ಭಾರತೀಯರಿಗೆ ಲೈಸೆನ್ಸ್, ಯುರೋಪಿಯನ್ನರಿಗೆ ವಿನಾಯಿತಿ ಎಂದಾಯಿತು.

ಕೊಡಗಿನವರ ಕಥೆ ಬೇರೆ. ಅವರಿಗೆ 1861ರಲ್ಲೇ ಕಮಿಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟಿದ್ದರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು.

ಇನ್ನು .303. ಬ್ರಿಟಿಷ್ ಸೈನ್ಯ ಈ ಬೋರಿಗೆ ಬಂದದ್ದು 1888ರ ಸುಮಾರಿಗೆ. ಅದರ ತೋಟಾಗಳು ಇಲ್ಲಿಯೇ ತಯಾರಾದವು. ನಮ್ಮ ಖಡಕಿಯ ಕಾರ್ಖಾನೆ 1869ರದ್ದು. ಕಾರ್ಡೈಟ್ ಮದ್ದಿಗಾಗಿ ನೀಲಗಿರಿಯ ಅರುವಂಕಾಡಿನಲ್ಲಿ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಇನ್ನೊಂದು ಕಾರ್ಖಾನೆ ಎದ್ದಿತು. ಅಂದರೆ ದೇಶದಲ್ಲಿ ಸುಲಭವಾಗಿ ಸಿಗಬಹುದಾಗಿದ್ದ, ಕಡಿಮೆ ಖರ್ಚಿನ, ನಂಬಬಹುದಾದ ರೈಫಲ್ ತೋಟಾ ಅದೊಂದೇ. ಅದೇ ಜನರಿಗೆ ನಿಷಿದ್ಧ! ಕಾರಣ ಸರಳ. ಕಳ್ಳತನದಲ್ಲಿ ಸೈನ್ಯದ ರೈಫಲ್ ಹೊರಗೆ ಹೋದರೂ ತೋಟಾ ಇಲ್ಲದಿದ್ದರೆ ಅದು ಬರೀ ಕೋಲು. ಅಂಗಡಿಯಲ್ಲಿ ಅದೇ ಬೋರಿನ ತೋಟಾ ಸಿಕ್ಕರೆ ಮತ್ತೆ 1857.

ಈ ಭಯ ಸಾಹೇಬರನ್ನೂ ಬಿಡಲಿಲ್ಲ. ವಾಯವ್ಯ ಗಡಿಯ ಪಠಾಣರ ಹತ್ತಿರ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳಿದ್ದವು, ಅದಕ್ಕೆ .450 ಗುಂಡು. ಹಾಗಾಗಿ 1907ರಲ್ಲಿ .450 ಬೋರಿನ ಆಮದನ್ನೇ ನಿಲ್ಲಿಸಿಬಿಟ್ಟರು. ಆನೆ, ಕಾಟಿ ಹೊಡೆಯುವ ದೊರೆಗಳ ಮೆಚ್ಚಿನ ಬೋರು ಅದು. ಲಂಡನ್ನಿನ ಬಂದೂಕು ಕಂಪನಿಗಳು ಕೂಡಲೇ .465, .470 ಎಂದು ಕೂದಲೆಳೆಯಷ್ಟು ದಪ್ಪ ಮಾಡಿ ಹೊಸ ತೋಟಾ ಹೊರತಂದವು. ದುಡ್ಡಿದ್ದವರು ಅವನ್ನು ಕೊಂಡರು.

ಅಷ್ಟು ದುಡ್ಡಿಲ್ಲದ ತೋಟಗಾರ, ಜಮೀನುದಾರ ಏನು ಮಾಡಬೇಕು? ಅವರಿಗೆಂದೇ ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪನಿ ಒಂದು ಉಪಾಯ ಮಾಡಿತು. ಕುದುರೆ, ಬೋಲ್ಟ್ ಎಲ್ಲ ಸೈನ್ಯದ ಲೀ-ಎನ್‌ಫೀಲ್ಡಿನದೇ, ನಳಿಗೆ ಮಾತ್ರ .315. ತೋಟಾ ಎಲ್ಲಿಂದ? ಆಸ್ಟ್ರಿಯಾ-ಹಂಗೇರಿ ಸೈನ್ಯದ ಎಂಟು ಮಿಲಿಮೀಟರ್ ಮಾನ್‌ಲಿಖರ್ ತೋಟಾದ ಅಳತೆ. ಅದರ ಹಿತ್ತಾಳೆ ಕೇಸು 50 ಮಿ.ಮೀ. ಉದ್ದ, .303ರದ್ದು 56. ಗುಂಡೂ ದಪ್ಪ. ಒಂದರದು ಇನ್ನೊಂದಕ್ಕೆ ಆಗುವುದಿಲ್ಲ. ಎಲ್ಲೋ ವಿಯೆನ್ನಾದ ಸಿಪಾಯಿಯ ತೋಟಾ ನಮ್ಮ ರೈತನ ಕೈಗೆ ಬಂದದ್ದು ಹೀಗೆ. ಯಾವುದು ಒಳ್ಳೆಯದು ಎಂದು ನೋಡಿ ಆರಿಸಿದ್ದಲ್ಲ, ಯಾವುದು ಸೈನ್ಯದ್ದಲ್ಲ ಎಂದು ನೋಡಿ ಆರಿಸಿದ್ದು.

ಸ್ವಾತಂತ್ರ್ಯ ಬಂತು. 1878ರ ಕಾಯ್ದೆ ಹೋಗಿ 1959ರ ಕಾಯ್ದೆ ಬಂತು. ಸೈನ್ಯದ ಬೋರು ಬೇರೆ, ಮಂದಿಯ ಬೋರು ಬೇರೆ ಎಂಬ ಲೆಕ್ಕ ಮಾತ್ರ ಹಾಗೆಯೇ ಮುಂದುವರಿಯಿತು. .315 ರೈಫಲನ್ನು ಬಂಗಾಳದ ಇಚ್ಛಾಪುರ ಕಾರ್ಖಾನೆ ಮಾಡಿತು, ತೋಟಾ ನಮ್ಮ ಖಡಕಿಯಲ್ಲಿ. ಅದರ ಬುಡದಲ್ಲಿ ಕೆ.ಎಫ್. ಎಂದು ಮುದ್ರೆ ಇರುತ್ತದೆ, ಕಿರ್ಕೀ ಫ್ಯಾಕ್ಟರಿ ಎಂದು. ಊರಿನ ಹೆಸರು ಖಡಕಿ ಆದರೂ ಮುದ್ರೆಯಲ್ಲಿ ಇಂಗ್ಲಿಷರ ಉಚ್ಚಾರವೇ ಉಳಿದಿದೆ ನೋಡಿ.

ಅತ್ತ ಕೈನಾಕ್ ಕಂಪನಿ 1960ರ ದಶಕದಲ್ಲಿ ದೊಡ್ಡ ಬೋರಿನ ತೋಟಾಗಳನ್ನು ಒಂದೊಂದಾಗಿ ಕೈಬಿಟ್ಟಿತು. 1980ರ ದಶಕದಲ್ಲಿ ಸಾಮಾನ್ಯ ಜನರಿಗೆ ಬಂದೂಕಿನ ಆಮದೂ ನಿಂತಿತು. ಅಜ್ಜನ ಕಾಲದ ಇಂಗ್ಲಿಷ್ ರೈಫಲ್ ಇದ್ದವರ ಮನೆಯಲ್ಲಿ ಅದು ಗೋಡೆಯ ಅಲಂಕಾರವಾಯಿತು. ಯಾರೂ ಹಾಡಿ ಹೊಗಳದ .315ಕ್ಕೆ ಮಾತ್ರ ತೋಟಾ ಸಿಗುತ್ತಲೇ ಇತ್ತು.

ಹಾಗಾದರೆ ಬ್ಯಾಂಕಿಗೆ ಅದನ್ನೇ ಯಾಕೆ ಕೊಡಲಿಲ್ಲ? ಇದಕ್ಕೂ ಆ ಗನ್‌ಮ್ಯಾನರೇ ಉತ್ತರ ಕೊಟ್ಟಿದ್ದರು. ರೈಫಲ್ ಗುಂಡು ಕಳ್ಳನನ್ನು ದಾಟಿ, ಬಾಗಿಲು ದಾಟಿ, ಆಚೆ ರಸ್ತೆಯ ಚಹಾ ಅಂಗಡಿಯವನನ್ನೂ ಬಿಡುವುದಿಲ್ಲ. ಬಂದೂಕಿನ ಚರೆ ಹರಡುತ್ತದೆ, ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಪೇಟೆಯೊಳಗೆ ಅದೇ ಮೇಲು. ಆದರೆ ಹಳೆಯ ಕಾಗದದ ಕೇಸಿನ ತೋಟಾ ಮಳೆಗಾಲದ ತೇವ ಕುಡಿದು ಉಬ್ಬಿ ನಳಿಗೆಗೇ ಇಳಿಯುತ್ತಿರಲಿಲ್ಲ. ಪ್ಲಾಸ್ಟಿಕ್ ಬಂದ ಮೇಲೆ ಆ ತೊಂದರೆ ತಪ್ಪಿತು. ಆದರೂ ವರ್ಷಗಟ್ಟಲೆ ಬೆವರಿನ ಬೆಲ್ಟಿನಲ್ಲಿದ್ದರೆ ಹಿತ್ತಾಳೆ ಹಸಿರುಗಟ್ಟುತ್ತದೆ, ಕೇಪು ಕೆಡುತ್ತದೆ.

ಕೊನೆಗೊಮ್ಮೆ ನಮ್ಮ ಗನ್‌ಮ್ಯಾನರ ಗುಂಡು ಹಾರಿಸುವ ಅಭ್ಯಾಸಕ್ಕೆ ಅನುಮತಿ ಸಿಕ್ಕಿತು. ನಾನೂ ಸಾಕ್ಷಿಯಾಗಿ ಹೋಗಿದ್ದೆ. ಹತ್ತರಲ್ಲಿ ಏಳು ಹಾರಿದವು. ಮೂರು ಬರೀ ಟಕ್ ಎಂದವು. ಅವರು ಪ್ರತಿಸಲವೂ ನಳಿಗೆಯನ್ನು ದೂರಕ್ಕೆ ಹಿಡಿದು ಅರ್ಧ ನಿಮಿಷ ಕಾದು, ಆಮೇಲೆ ತೋಟಾ ತೆಗೆದು ಕೆಳಗಿಟ್ಟರು. ಖಾಲಿ ಕೇಸು ಏಳು, ಹಾರದ್ದು ಮೂರು ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಿದೆ. ಹತ್ತೂ ತಾಳೆಯಾಯಿತು. ಎರಡು ತಿಂಗಳಿಗೆ ಹೊಸ ಡಬ್ಬಿ ಬಂತು.