ಲೇಔಟ್ ರಸ್ತೆಗೆ ದುಡ್ಡು ಕೊಡೋರು ಯಾರು?

1/7
ಹುಣಸೂರಿಂದ ಮೈಸೂರು ಕಡೆ ಬಸ್ಸಲ್ಲಿ ಹೋಗುವಾಗ ಕಿಟಕಿ ಪಕ್ಕ ಕೂತು ಒಂದ್ಸಲ ಹೊರಗೆ ನೋಡಿ. ಮೊನ್ನೆವರೆಗೂ ಹೊಗೆಸೊಪ್ಪು, ರಾಗಿ ಇದ್ದ ಹೊಲದಲ್ಲಿ ಈಗ ಬಣ್ಣ ಬಳಿದ ಕಲ್ಲುಗಳು, ಒಂದು ಕಮಾನು, ಪಕ್ಕದಲ್ಲಿ "ಸೈಟುಗಳು ಮಾರಾಟಕ್ಕಿವೆ" ಅನ್ನೋ ಬೋರ್ಡು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರಿಗೂ ಈ ನೋಟ ಹೊಸದೇನಲ್ಲ.
ಆ ಹೊಲ ಬಡಾವಣೆ ಆಗಬೇಕು ಅಂದ್ರೆ ರಸ್ತೆ ಬೇಕು, ಚರಂಡಿ ಬೇಕು, ನೀರಿನ ಪೈಪು, ಬೀದಿದೀಪ, ಪಾರ್ಕು ಬೇಕು. ಇದಕ್ಕೆಲ್ಲ ದುಡ್ಡು ಯಾರ ಜೇಬಿಂದ ಬರಬೇಕು? ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಇವತ್ತು ಅದೇ ಕಥೆ. 👇

2/7
ಮೊದಲು ಪ್ಲೇಗ್. 1896ರಲ್ಲಿ ಮುಂಬೈಗೆ ಬಂದ ರೋಗ 1898ರ ಹೊತ್ತಿಗೆ ಬೆಂಗಳೂರು, ಮೈಸೂರಿಗೂ ಬಂತು. ಗಾಳಿ ಬೆಳಕಿಲ್ಲದ ಗಲ್ಲಿ, ಚರಂಡಿ ಇಲ್ಲದ ಕೇರಿ ಜನರ ಪ್ರಾಣವನ್ನೇ ತೆಗೆಯುತ್ತೆ ಅಂತ ಆಳುವವರಿಗೆ ಆಗ ಅರ್ಥ ಆಯ್ತು. ಮುಂಬೈಯಲ್ಲಿ 1898ರಲ್ಲೇ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತು. ಮೈಸೂರಲ್ಲಿ 1903ರಲ್ಲಿ ನಗರ ಸುಧಾರಣಾ ವಿಶ್ವಸ್ಥ ಮಂಡಳಿ ಬಂತು. ನಮ್ಮ ತಾತಂದಿರ ಬಾಯಲ್ಲಿ ಅದು "ಸಿಐಟಿಬಿ".
ಇಂಥ ಮಂಡಳಿಗಳ ಲೆಕ್ಕ ಸರಳ. ಜಮೀನು ತಗೋ, ರಸ್ತೆ ಚರಂಡಿ ಮಾಡು, ನಿವೇಶನ ಹಂಚು, ಬಂದ ದುಡ್ಡನ್ನ ಮತ್ತೆ ಊರು ಕಟ್ಟೋಕೆ ಹಾಕು. ಅಂದ್ರೆ ರಸ್ತೆ ಬಂದಿದ್ದರಿಂದ ಏರಿದ ಭೂಮಿಯ ಬೆಲೆಯಲ್ಲೇ ಆ ರಸ್ತೆಯ ಖರ್ಚು ಹುಟ್ಟಬೇಕು.

3/7
ಕೆ.ಆರ್. ನಗರದವರೇ, ನಿಮ್ಮೂರು ಹುಟ್ಟಿದ್ದೇ ಒಂದು ಬಡಾವಣೆಯಾಗಿ! ಹಳೇ ಊರು ಎಡತೊರೆ, ಕಾವೇರಿ ದಡದಲ್ಲಿ, ಅರ್ಕೇಶ್ವರನ ಗುಡಿ ಇರೋ ಕಡೆ. ಪ್ರವಾಹದ ಕಾಟ ತಾಳಲಾರದೆ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹೊಳೆಯಿಂದ ದೂರಕ್ಕೆ ಹೊಸ ಊರು ಕಟ್ಟಿದರು. ಅವರ ಹೆಸರಲ್ಲೇ ಅದು ಕೃಷ್ಣರಾಜನಗರ ಆಯ್ತು.
ಆ ಕಾಲದಲ್ಲಿ ಇಂಥ ಊರು ಕಟ್ಟೋದು ಸರ್ಕಾರದ ಕೆಲಸ. ಲೇಔಟ್ ಮಾಡಿ ಮಾರೋ ಡೆವಲಪರ್ ಇನ್ನೂ ನಮ್ಮ ಕಡೆ ಕಾಲಿಟ್ಟಿರಲಿಲ್ಲ.

4/7
ಮುಂದೆ ಬಂದದ್ದು 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಖಾಸಗಿಯವರು ಲೇಔಟ್ ಮಾಡಬಹುದು, ಆದರೆ ಪುಕ್ಕಟೆ ಅಲ್ಲ.
ಹೊಲವನ್ನ ಮೊದಲು ಭೂ ಪರಿವರ್ತನೆ ಮಾಡಿಸಬೇಕು. ಅದು 1964ರ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್. ಆಮೇಲೆ ಯೋಜನಾ ಪ್ರಾಧಿಕಾರದಿಂದ ನಕ್ಷೆಗೆ ಒಪ್ಪಿಗೆ. ರಸ್ತೆ, ಪಾರ್ಕು, ಶಾಲೆ-ಆಸ್ಪತ್ರೆಯಂಥದ್ದಕ್ಕೆ ಮೀಸಲಿಟ್ಟ ಸಿಎ ಸೈಟು, ಇವನ್ನ ಡೆವಲಪರ್ ಸಾರ್ವಜನಿಕರಿಗೆ ಉಚಿತವಾಗಿ ಬಿಟ್ಟುಕೊಡಬೇಕು. ಒಳಗಿನ ರಸ್ತೆ, ಚರಂಡಿ, ನೀರು, ಕರೆಂಟು ಅವರದೇ ಖರ್ಚಲ್ಲಿ ಆಗಬೇಕು. ಕೆಲಸ ಆದಂತೆ ಹಂತ ಹಂತವಾಗಿ ಸೈಟು ಬಿಡುಗಡೆ ಮಾಡೋ ಪದ್ಧತಿ ಇರೋದು ಅದಕ್ಕೇ. ಇದೇ ಕಾಯ್ದೆಗೆ ಆಮೇಲೆ ಸೇರಿದ 18ಎ ಸೆಕ್ಷನ್ ಪ್ರಕಾರ ನೀರಿನ ಯೋಜನೆ, ರಿಂಗ್ ರೋಡ್, ಕೊಳೆಗೇರಿ ಸುಧಾರಣೆಗೆ ಕರವನ್ನೂ ಹಾಕಬಹುದು.
ಇದು ನಮ್ಮಲ್ಲಿ ಮಾತ್ರ ಅಲ್ಲ. ಇಂಗ್ಲೆಂಡಿನ 1990ರ ಯೋಜನಾ ಕಾಯ್ದೆಯ 106ನೇ ಸೆಕ್ಷನ್ ಕೂಡ ಕಟ್ಟೋರಿಂದ ಊರಿಗೆ ಪಾಲು ಕೇಳುತ್ತೆ.

5/7
ಹಾಗಾದ್ರೆ ಎಲ್ಲಾ ಸರಿಯಿರಬೇಕಿತ್ತಲ್ಲ? ಒಂದು ಲೆಕ್ಕ ಮಾಡೋಣ. ಪೆನ್ನು ತಗೊಳ್ಳಿ.
2 ಎಕರೆ ಅಂದ್ರೆ 80 ಗುಂಟೆ, ಅಂದ್ರೆ 87,120 ಚದರಡಿ. ಒಂದು 30×40 ಸೈಟು 1,200 ಚದರಡಿ.
ರಸ್ತೆ, ಪಾರ್ಕು, ಸಿಎ ಸೈಟಿಗೆ ಬಿಟ್ಟು ನೂರಕ್ಕೆ 55 ಭಾಗ ಮಾರಿದ್ರೆ 39 ಸೈಟು. ಪಾರ್ಕಿಲ್ಲ, ಸಿಎ ಇಲ್ಲ, ಕಿರಿದಾದ ದಾರಿ ಅಂತ ನೂರಕ್ಕೆ 75 ಭಾಗ ಮಾರಿದ್ರೆ 54 ಸೈಟು.
15 ಸೈಟು ಜಾಸ್ತಿ! ಜೊತೆಗೆ ಚರಂಡಿ ಖರ್ಚೂ ಉಳೀತು. "ರೆವಿನ್ಯೂ ಸೈಟು" ಅನ್ನೋದರ ಗುಟ್ಟು ಇಷ್ಟೇ. ಕಡಿಮೆ ಬೆಲೆಗೆ ಸಿಗುತ್ತೆ ಅಂತ ತಗೊಳ್ಳೋ ಕೂಲಿಯವರನ್ನ, ಸಣ್ಣ ಸಂಬಳದವರನ್ನ ಬೈಯಬೇಡಿ. ಅಪ್ರೂವ್ಡ್ ಲೇಔಟ್ ಬೆಲೆ ಅವರ ಕೈಗೆ ಎಟುಕಲ್ಲ.

6/7
ಇಲ್ಲೊಂದು ಮಾತು ನಿಜ ಹೇಳಬೇಕು. ಅಪ್ರೂವ್ಡ್ ಲೇಔಟಲ್ಲೂ ಡೆವಲಪರ್ ತನ್ನ ಗಂಟಿಂದ ಕೊಡಲ್ಲ, ಸೈಟಿನ ಬೆಲೆಗೆ ಸೇರಿಸ್ತಾನೆ. ಕೊನೆಗೆ ಕೊಡೋರು ಕೊಳ್ಳೋರೇ. ವ್ಯತ್ಯಾಸ ಇರೋದು ಯಾವಾಗ ಕೊಡ್ತೀವಿ ಅನ್ನೋದರಲ್ಲಿ. ಮೊದಲೇ ಕೊಟ್ಟರೆ ಮನೆ ಕಟ್ಟೋ ಮುಂಚೆ ಚರಂಡಿ ಇರುತ್ತೆ. ಆಮೇಲೆ ಅಂದ್ರೆ ಕೆಸರಲ್ಲಿ ಹತ್ತು ವರ್ಷ ಓಡಾಡಿ, ನಗರಸಭೆ ಮುಂದೆ ಅರ್ಜಿ ಹಿಡಿದು ನಿಲ್ಲಬೇಕು. ಆಗ ಖರ್ಚು ಇಡೀ ಊರಿನ ತೆರಿಗೆ ಮೇಲೆ ಬೀಳುತ್ತೆ. ಪಾರ್ಕಿಗೆ ಜಾಗವಂತೂ ಎಷ್ಟು ದುಡ್ಡು ಕೊಟ್ಟರೂ ಮತ್ತೆ ಹುಟ್ಟಲ್ಲ.
ಸರ್ಕಾರ ಇದನ್ನ ಸರಿಮಾಡೋಕೆ ಅಕ್ರಮ-ಸಕ್ರಮ ತಂತು. ಅದಕ್ಕೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಬಿತ್ತು. 2025ರ ಫೆಬ್ರವರಿಯಲ್ಲಿ ರಾಜ್ಯದ ನಗರ, ಪಟ್ಟಣಗಳಲ್ಲಿ ಬಿ-ಖಾತಾ ಅಭಿಯಾನ ಶುರುವಾಯ್ತು. ಖಾತೆ ಸಿಕ್ಕಿದ್ರೆ ತೆರಿಗೆ ಕಟ್ಟಬಹುದು, ಕೈಯಲ್ಲಿ ಒಂದು ಕಾಗದ ಇರುತ್ತೆ. ಆದರೆ ಬಿಡದೇ ಹೋದ ಪಾರ್ಕು ಕಾಗದದಿಂದ ಬರಲ್ಲ.

7/7
ಬಿಟ್ಟ ಪಾರ್ಕನ್ನೂ ಕಾಯಬೇಕು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಮೀಸಲಾಗಿದ್ದ ಜಾಗವನ್ನ ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಮುದ್ದಪ್ಪ ಕೇಸ್ ಅಂತಲೇ ಅದು ಪ್ರಸಿದ್ಧ. ಪಾರ್ಕು ಅಧಿಕಾರದಲ್ಲಿರೋರ ಆಸ್ತಿ ಅಲ್ಲ, ಅಲ್ಲಿ ಬದುಕೋರದ್ದು.
ನಾಳೆ ನಿಮ್ಮ ಮನೇಲೂ ಸೈಟಿನ ಮಾತು ಬರುತ್ತೆ. ಅಪ್ಪ, ಚಿಕ್ಕಪ್ಪ ಬೆಲೆ ಕೇಳ್ತಾರೆ, ಅಮ್ಮ ದಿಕ್ಕು ಕೇಳ್ತಾರೆ. ನೀವು ಮೂರು ಪ್ರಶ್ನೆ ಕೇಳಿ: ಭೂ ಪರಿವರ್ತನೆ ಆಗಿದೆಯಾ? ಒಪ್ಪಿಗೆಯಾದ ನಕ್ಷೆ ಎಲ್ಲಿ? ಅದರಲ್ಲಿ ಪಾರ್ಕು ಎಲ್ಲಿದೆ, ಈಗ ಹೋಗಿ ನೋಡೋಣವಾ?
ಮೂರನೇದಕ್ಕೆ ಏಜೆಂಟ್ ಮಾತು ತಿರುಗಿಸಿದ್ರೆ, ಅಡ್ವಾನ್ಸ್ ಕೊಡೋ ಕೈಯನ್ನ ಒಂದು ವಾರ ಹಿಡೀರಿ.
ಸೇವ್ ಮಾಡ್ಕೊಳ್ಳಿ, ಮನೆಯವರಿಗೆ ಓದಿ ಹೇಳಿ. ನಿಮ್ಮ ಬಡಾವಣೆಯಲ್ಲಿ ಪಾರ್ಕು ಇದೆಯಾ, ಇದ್ರೆ ಅದರಲ್ಲಿ ಈಗ ಏನಿದೆ? ಕಾಮೆಂಟಲ್ಲಿ ತಿಳಿಸಿ. 🌳

#ನಮ್ಮೂರಇತಿಹಾಸ #ಹುಣಸೂರು #ಪಿರಿಯಾಪಟ್ಟಣ #ಕೆಆರ್‌ನಗರ #ಎಚ್‌ಡಿಕೋಟೆ